ಸೊಸೈಟಿ ಹುಟ್ಟಿದ್ದು ಯಾವಾಗ? ಊರಿನ ಕೃಷಿ ಸಹಕಾರ ಸಂಘದ ಇತಿಹಾಸ ಬರೆಯುವ ಬಗೆ

ಸೊಸೈಟಿಗೆ ನೂರು ತುಂಬಿತು, ಸ್ಮರಣ ಸಂಚಿಕೆ ತರೋಣ ಎಂದಾಗ ಮೊದಲು ಹೊರಬರುವುದು ಅಧ್ಯಕ್ಷರ ಫೋಟೊಗಳು. ಇತಿಹಾಸದ ಪುಟಕ್ಕೆ ಸುವರ್ಣ ಮಹೋತ್ಸವದ ಸಂಚಿಕೆಯ ಎರಡು ಪ್ಯಾರಾ ಹಾಗೇ ಇಳಿಯುತ್ತವೆ, ತಪ್ಪುಗಳ ಸಮೇತ. ಅತಿ ಸಾಮಾನ್ಯ ತಪ್ಪು ಸ್ಥಾಪನೆಯ ವರ್ಷದ್ದು.

ಒಂದು ಸಂಘಕ್ಕೆ ಮೂರು ಹುಟ್ಟಿದ ದಿನಗಳಿರಬಹುದು: ಊರವರು ಮೊದಲ ಸಭೆ ಸೇರಿದ್ದು, ನೋಂದಣಿಯಾದದ್ದು, ಸಾಲ ಕೊಡಲು ಶುರು ಮಾಡಿದ್ದು. ನಡುವೆ ಒಂದು ವರ್ಷ ಕಳೆದಿದ್ದರೂ ಆಶ್ಚರ್ಯವಿಲ್ಲ. ಕಾನೂನಿನ ಲೆಕ್ಕಕ್ಕೆ ನೋಂದಣಿಯ ದಿನವೇ ಆಧಾರ. ಉಳಿದೆರಡನ್ನೂ ಬರೆಯಿರಿ, ಯಾವುದು ಯಾವುದೆಂದು ಹೇಳಿ. ವಿಲೀನವನ್ನೂ ಮರೆಯಬೇಡಿ. 1970ರ ದಶಕದಲ್ಲಿ ಸಣ್ಣ ಸಂಘಗಳನ್ನು ಕೂಡಿಸಿ ದೊಡ್ಡವನ್ನಾಗಿ ಮಾಡಿದ್ದರಿಂದ, ಈಗಿನ ಸಂಘದ ಬೋರ್ಡಿನ ಮೇಲಿರುವ ವರ್ಷ ಪಕ್ಕದ ಹಳ್ಳಿಯ ಹಳೇ ಸಂಘದ್ದಾಗಿರಬಹುದು.

ಹಳೇ ರಬ್ಬರ್ ಮೊಹರು ಸಿಕ್ಕರೆ ಬಿಡಬೇಡಿ. ಹೆಸರಿನ ಕೊನೆಗೆ 'ನಿಯಮಿತ' ಇದೆಯೇ ನೋಡಿ. ಮೊದಮೊದಲಿನ ಹಳ್ಳಿ ಪತ್ತಿನ (ಅಂದರೆ ಸಾಲ ಕೊಡುವ) ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿ ಇರುತ್ತಿರಲಿಲ್ಲ. ಸಂಘ ಮುಳುಗಿದರೆ ಸದಸ್ಯನ ಹೊಲ ಮನೆಯೂ ಸಾಲಕ್ಕೆ ಹೊಣೆ. ಹಾಗಾಗಿ 'ನಿಯಮಿತ' ಎಂದಿರುವ ಮೊಹರು ಸಾಮಾನ್ಯವಾಗಿ ನಂತರದ ಕಾಲದ್ದು.

ಹುಡುಕಾಟ ಎಲ್ಲಿಂದ ಶುರು ಮಾಡಬೇಕು ಎಂಬುದು 1956ಕ್ಕೆ ಮೊದಲು ಊರು ಯಾರ ಆಡಳಿತದಲ್ಲಿತ್ತು ಎಂಬುದರ ಮೇಲೆ ನಿಂತಿದೆ. ಬ್ರಿಟಿಷ್ ಪ್ರಾಂತ್ಯಗಳಿಗೆ 1904ರ ಕಾಯ್ದೆ ಬಂತು, ಅದರಡಿ 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಂಘ ಎದ್ದಿತು. ('ಏಷ್ಯಾದಲ್ಲೇ ಮೊದಲು' ಎಂದು ಬರೆಯುವ ಮುನ್ನ ತಡೆಯಿರಿ, ಜಪಾನು 1900ರಲ್ಲೇ ಸಹಕಾರ ಕಾನೂನು ಮಾಡಿಕೊಂಡಿತ್ತು.) ಮೈಸೂರು ಸಂಸ್ಥಾನ 1905ರಲ್ಲಿ ತನ್ನದೇ ಕಾನೂನು ತಂದಿತು. 1904ರ ಕಾಯ್ದೆ ಪತ್ತಿನ ಸಂಘಗಳಿಗೆ ಮಾತ್ರ. ಮಾರಾಟ, ಖರೀದಿ ಸಂಘಗಳಿಗೆ ದಾರಿಯಾದದ್ದು 1912ರ ಕಾಯ್ದೆಯಿಂದ. ಹಾಗಾಗಿ ಧಾರವಾಡ ಅಥವಾ ಮಂಗಳೂರು ಕಡೆಯ ಯಾವುದಾದರೂ ಮಾರಾಟ ಸಂಘ 1908ರಲ್ಲೇ ನೋಂದಣಿಯಾಯಿತು ಎಂದು ಯಾರಾದರೂ ಹೇಳಿದರೆ ಕಾಗದ ತೋರಿಸಿ ಎನ್ನಿ.

ಸಂಘದ ಬೀರುವಿನಲ್ಲಿ ಮೊದಲು ಹಿಡಿಯಬೇಕಾದದ್ದು ನಡವಳಿ ಪುಸ್ತಕ, ಅಂದರೆ ಸಭೆಗಳ ತೀರ್ಮಾನ ಬರೆದಿಟ್ಟದ್ದು. ಆಮೇಲೆ ಸದಸ್ಯರ ರಿಜಿಸ್ಟರು, ಉಪನಿಯಮಗಳ ಪ್ರತಿ, ಆಡಿಟ್ ವರದಿಗಳು. ಆಡಿಟ್ ವರದಿಯ ನ್ಯೂನತೆಗಳ ಭಾಗ ಓದಲು ಬೇಸರ, ಆದರೆ ಸಂಘದ ನಿಜವಾದ ಚರಿತ್ರೆ ಅಲ್ಲೇ ಇರುತ್ತದೆ: ಯಾವ ವರ್ಷ ವಸೂಲಿ ನಿಂತಿತು, ಗೊಬ್ಬರದ ದಾಸ್ತಾನು ಎಷ್ಟು ಕಮ್ಮಿ ಬಂತು. ಫ್ಲ್ಯಾಶ್ ಹಾಕದೆ ಕಿಟಕಿಯ ಬೆಳಕಿನಲ್ಲಿ ಫೋಟೊ ತೆಗೆಯಿರಿ. ಬೆನ್ನು ಕಟ್ಟು ಬಿಗಿಯಾಗಿದ್ದರೆ ಪುಸ್ತಕವನ್ನು ಒತ್ತಿ ಅಗಲಿಸಬೇಡಿ. ಹರಿದ ಹಾಳೆಗೆ ಸೆಲೋಟೇಪ್ ಹಚ್ಚಬಾರದು; ಕೆಲವೇ ವರ್ಷಗಳಲ್ಲಿ ಅಂಟು ಹಳದಿಯಾಗಿ ಅಕ್ಷರವನ್ನೇ ನುಂಗುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ.

ಬೀರು ಖಾಲಿಯಾಗಿದ್ದರೆ ಸಹಕಾರ ಸಂಘಗಳ ಸಹಾಯಕ ನಿಬಂಧಕರ ಕಚೇರಿಗೆ, ಅಂದರೆ ಎ.ಆರ್. ಆಫೀಸಿಗೆ, ಹೋಗಬೇಕು. ಮಾಹಿತಿ ಹಕ್ಕಿನಡಿ ನೇರ ಸಂಘಕ್ಕೇ ಅರ್ಜಿ ಹಾಕಿದರೆ ತಿರಸ್ಕಾರವಾಗುವ ಸಂಭವ ಹೆಚ್ಚು: ಸರ್ಕಾರದ ಗಣನೀಯ ಹಣ ಇಲ್ಲದ ಸಹಕಾರ ಸಂಘ ಸಾರ್ವಜನಿಕ ಪ್ರಾಧಿಕಾರವಲ್ಲ ಎಂದು 2013ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೆ ನಿಬಂಧಕರು ಕಾನೂನಿನಂತೆ ತರಿಸಿಕೊಳ್ಳಬಲ್ಲ ಮಾಹಿತಿಯನ್ನು ಅವರಿಂದ ಕೇಳಬಹುದು. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು, ಶುಲ್ಕ 10 ರೂಪಾಯಿ. 'ಸಂಘದ ಎಲ್ಲಾ ದಾಖಲೆ ಕೊಡಿ' ಎಂದರೆ ಕೆಲಸ ಕೆಟ್ಟಿತು. 'ನೋಂದಣಿ ಪತ್ರ ಮತ್ತು ವಿಲೀನದ ಆದೇಶದ ನಕಲು' ಎಂದು ಸಂಘದ ಹೆಸರು, ನೋಂದಣಿ ಸಂಖ್ಯೆ ಸಮೇತ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು.

ಕಾಗದ ಸಿಕ್ಕ ಮೇಲೆ ಅಂಕಿಗಳು ಕಾಡುತ್ತವೆ. ಹಿಂದೆ ಸಹಕಾರ ವರ್ಷ ಜುಲೈ 1ರಿಂದ ಜೂನ್ 30ರವರೆಗೆ. ಮಾರ್ಚಿಗೆ ಮುಗಿಸಿದರೆ ಲೆಕ್ಕ ಕೂಡುವುದಿಲ್ಲ. ಹಳೇ ಕಂದಾಯ ಕಾಗದಗಳಲ್ಲಿ ಕಾಣುವ ಫಸಲಿ ವರ್ಷವನ್ನು ಇಸವಿಗೆ ತರಲು 590 ಕೂಡಿ: ಮದ್ರಾಸಿನ 1366ನೇ ಫಸಲಿ ಎಂದರೆ 1956ರ ಜುಲೈಯಿಂದ ಶುರುವಾದ ವರ್ಷ. ಹೈದರಾಬಾದಿನ ಫಸಲಿ ಶುರುವಾಗುವುದು ಅಕ್ಟೋಬರಿನಲ್ಲಿ, ಎರಡನ್ನೂ ಬೆರೆಸಬೇಡಿ. 1957ರ ಏಪ್ರಿಲ್‌ಗೆ ಮೊದಲಿನ ಹಣ ರೂಪಾಯಿ-ಆಣೆ-ಪೈ: 16 ಆಣೆಗೆ ರೂಪಾಯಿ, 12 ಪೈಗೆ ಆಣೆ. '37-10-6' ಎಂದಿದ್ದರೆ 37.10 ಅಲ್ಲ, 37.66.

ಹಿರಿಯರನ್ನು ಮಾತಾಡಿಸುವಾಗ 'ಯಾವ ಇಸವಿ?' ಎಂದು ಕೇಳಬೇಡಿ. ಇಸವಿ ತಪ್ಪುತ್ತದೆ, ಹಿಂದುಮುಂದು ತಪ್ಪುವುದಿಲ್ಲ. 'ಗ್ರಾಮಸೇವಕರು ಊರಿಗೆ ಬರುವ ಮುಂಚೆಯೋ, ಆಮೇಲೋ?' ಎನ್ನಿ (ಅವರನ್ನು ಹಳ್ಳಿಗೆ ತಂದ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದದ್ದು 1952ರ ಅಕ್ಟೋಬರ್ 2ರಂದು). ರಾಗಿ ಸೀಮೆಯಲ್ಲಿ 'ಇಂಡಾಫ್ (ಸುಧಾರಿತ ರಾಗಿ ತಳಿ) ಬಿತ್ತಿದ ಮೇಲೋ?' ಎಂದರೆ 1970ರ ದಶಕದ ಆಚೀಚೆ ಗೊತ್ತಾಗುತ್ತದೆ. ಭತ್ತದವರಿಗೆ ಐ.ಆರ್.8 ತಳಿಯ ಹೆಸರು ಹೇಳಿ ಹೀಗೇ ಕೇಳಿ. ಬೇಸಾಯ ಕಲಿಸಿದವರು ಯಾರೆಂದು ಕೇಳಿದಾಗ 'ಹೆಬ್ಬಾಳದವರು' ಎಂಬ ಉತ್ತರ ಬಂದರೆ ಅಲ್ಲಿಗೇ ಬಿಡಬೇಡಿ. 1913ರ ಹೆಬ್ಬಾಳದ ಕೃಷಿ ಶಾಲೆ, 1946ರ ಕಾಲೇಜು, 1964ರ ವಿಶ್ವವಿದ್ಯಾಲಯ ಮೂರೂ ಬೇರೆ ಬೇರೆ ಹಂತ. ಹೋಬಳಿಯ ರೈತ ಸಂಪರ್ಕ ಕೇಂದ್ರಗಳು ಬಂದದ್ದು ಅವೆಲ್ಲ ಆದಮೇಲೆ, 2000ದ ಹೊತ್ತಿಗೆ.

ಮೊದಲ ಐವತ್ತು ಸದಸ್ಯರ ಪಟ್ಟಿಯನ್ನು ಓಣಿವಾರು ಹಂಚಿ ನೋಡಿ. ಹೆಂಗಸರ ಹೆಸರು ಮೊದಲು ಕಾಣುವುದು ಯಾವ ವರ್ಷ? ದಲಿತ ಕೇರಿಯದು? ಜಮೀನಿಲ್ಲದವರದು? ಸ್ಮರಣ ಸಂಚಿಕೆಗಳು ಈ ಪುಟವನ್ನೇ ದಾಟಿಸುವುದು. ಸಾಲ ಬಾಕಿಯ ಲೆಕ್ಕ ಬರೆಯುವಾಗ ಮಾತ್ರ ವ್ಯಕ್ತಿಗಳ ಹೆಸರು ಬೇಡ, ಒಟ್ಟು ಮೊತ್ತ ಸಾಕು. ಮೊಮ್ಮಕ್ಕಳು ಅದೇ ಊರಲ್ಲಿದ್ದಾರೆ.

ಫೋಟೊಗಳ ಹಿಂಬದಿಗೆ ಮೆತ್ತನೆಯ ಪೆನ್ಸಿಲಿನಲ್ಲಿ, ಒತ್ತದೆ, ಎಡದಿಂದ ಬಲಕ್ಕೆ ಹೆಸರು ಬರೆದಿಡಿ. ಬಾಲ್ ಪೆನ್ನಿನ ಗೆರೆ ಮುಂಬದಿಗೆ ಉಬ್ಬಿ ಬರುತ್ತದೆ.