ಚಿತ್ರದಲ್ಲಿರುವವಳಿಗೆ ಮೂಗು ತುರಿಸಿದರೆ?

ಹೋದ ತಿಂಗಳು, ಪೇಂಟಿಂಗ್ ನೋಡಿ ಬರೆದ ನನ್ನ ಹನ್ನೊಂದನೇ ಕಥೆ ಅಚ್ಚಾಯಿತು. ಇನ್ನು ಬಾಯಿ ಬಿಡಬಹುದು ಅನ್ನಿಸಿ ಬರೆಯುತ್ತಿದ್ದೇನೆ. ‘ಪೇಂಟಿಂಗ್ ನೋಡಿ ಕಥೆ ಬರೆಯೋದು ಹೈಸ್ಕೂಲ್ ಪ್ರಬಂಧದ ಕೆಲಸ ಕಣಮ್ಮ’ ಎಂದು ಕಮ್ಮಟವೊಂದರಲ್ಲಿ ಹಿರಿಯರೊಬ್ಬರು ಎಲ್ಲರೆದುರು ಹೇಳಿದ್ದರು. ಮೈ ಉರಿದುಹೋಗಿತ್ತು. ಆದರೆ ಅಲ್ಲಿಯವರೆಗೆ ನಾನು ಬರೆದದ್ದೆಲ್ಲ ಪ್ರಬಂಧವೇ, ಅದೂ ನಿಜ.

ಮೊದಲ ಏಳೆಂಟು ಕಥೆ ದಂಡ. ಅಮೃತಾ ಶೇರ್‌ಗಿಲ್ 1935ರಲ್ಲಿ ಬರೆದ ‘ಮೂವರು ಹುಡುಗಿಯರು’ ಚಿತ್ರವನ್ನು ಎದುರಿಟ್ಟುಕೊಂಡು ಗೀಚಿದ್ದನ್ನು ಈಗ ಓದಿದರೆ ನಾಚಿಕೆಯಾಗುತ್ತದೆ. ಮೂವರೂ ದೃಷ್ಟಿ ತಗ್ಗಿಸಿ ಕೂತಿದ್ದಾರಲ್ಲ, ಕಂಡದ್ದೇ ತಡ ಬಲವಂತದ ಮದುವೆ, ಬತ್ತಿದ ಕಣ್ಣೀರು ಎಂದೆಲ್ಲ ಸುರಿದುಬಿಟ್ಟಿದ್ದೆ. ‘ಮೌನ’ ಅನ್ನುವ ಪದವೇ ಹದಿನಾಲ್ಕು ಸಲ. ನಾಲ್ಕು ಕಡೆ ಕಳಿಸಿದೆ. ಎರಡು ಕಡೆಯಿಂದ ವಾಪಸ್ ಬಂತು, ಇನ್ನೆರಡು ಕಡೆಯಿಂದ ಉತ್ತರವೇ ಇಲ್ಲ.

ದುಡ್ಡಿನ ಕಥೆ ಇನ್ನೂ ಚೆಂದ. ಫೋನಿನಲ್ಲಿ ನೋಡಿದರೆ ಆಗದು ಎಂಬ ಹಟಕ್ಕೆ ಬಿದ್ದು ಎ3 ಪ್ರಿಂಟುಗಳು, ಎರಡು ದಪ್ಪ ಆರ್ಟ್ ಪುಸ್ತಕ, ಮೈಸೂರಿಗೆ ಓಡಾಟ. ಮೊದಲ ಎರಡು ವರ್ಷದಲ್ಲಿ 16-17 ಸಾವಿರವಾದರೂ ಕರಗಿರಬೇಕು. ಬಂದ ಸಂಭಾವನೆ 800 ರೂಪಾಯಿ, ಅದೂ ಚಿತ್ರಕ್ಕೆ ಸಂಬಂಧವೇ ಇಲ್ಲದ ಒಂದು ಲಲಿತ ಪ್ರಬಂಧಕ್ಕೆ. ‘ಆ ದುಡ್ಡಲ್ಲಿ ಹೊಸ ಮಿಕ್ಸಿ ಬರ್ತಿತ್ತು’ ಎಂದರು ಮನೆಯಲ್ಲಿ. ಎರಡು ಬರುತ್ತಿತ್ತು. ನಾನೇ ಲೆಕ್ಕ ಹಾಕಿ ಸುಮ್ಮನಿದ್ದೆ.

ದಾರಿ ಸಿಕ್ಕಿದ್ದು ಜಗನ್ಮೋಹನ ಅರಮನೆಯ ಗ್ಯಾಲರಿಯಲ್ಲಿ, ದೀಪ ಹಿಡಿದವಳ ಚಿತ್ರದ ಮುಂದೆ. ನನ್ನ ಪಕ್ಕದಲ್ಲೇ ಒಬ್ಬರು ‘ರವಿವರ್ಮಂದು’ ಎಂದು ಮಗನಿಗೆ ಹೇಳುತ್ತಿದ್ದರು. ಅಲ್ಲ, ಅದು ಎಸ್.ಎಲ್. ಹಲ್ದಂಕರ್ ಅವರದ್ದು. ಎಣ್ಣೆಬಣ್ಣವೂ ಅಲ್ಲ, ಜಲವರ್ಣ. ಬೆರಳ ಸಂದಿಯಲ್ಲಿ ಕೆಂಪಗೆ ಸೋರುವ ಬೆಳಕು ನೋಡಿ ಎಲ್ಲರೂ ಆಹಾ ಎಂದು ಮುಂದೆ ಹೋಗುತ್ತಾರೆ. ನಾನೂ ಎರಡು ಸಲ ಹಾಗೇ ಹೋದವಳು. ಮೂರನೇ ಸಲ ಅರ್ಧ ಗಂಟೆ ಅಲ್ಲೇ ನಿಂತೆ. ಮೀನಖಂಡ ಹಿಡಿದುಕೊಂಡಿತು. ಆಗ ಹೊಳೆಯಿತು, ಇವಳೂ ನಿಂತೇ ಇದ್ದಾಳಲ್ಲ! ಚಿತ್ರಕಾರರ ಮಗಳೇ ಗಂಟೆಗಟ್ಟಲೆ ಹಾಗೆ ನಿಂತಿದ್ದಳಂತೆ. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಕುಡಿಗೆ ಅಡ್ಡ. ಈಗ ಮೂಗು ತುರಿಸಿದರೆ ಏನು ಮಾಡುವುದು?

ಬೆಂಗಳೂರಿಗೆ ವಾಪಸಾಗುವಾಗ ಬಸ್ಸು ಮಂಡ್ಯ ಮುಟ್ಟುವ ಮೊದಲೇ ಒಂದು ಪುಟ ಆಗಿತ್ತು. ನನ್ನ ಕಥೆಯಲ್ಲಿ ಅವಳು ಮಗಳಲ್ಲ, ಹೊಸದಾಗಿ ಬಂದ ಸೊಸೆ. ಚಿತ್ರ ಬರೆಯುತ್ತಿರುವವರು ಮಾವ. ದೀಪದ ಹಿಡಿ ಬಿಸಿಯೇರುತ್ತಿದೆ, ಅಂಗೈ ಬೆವರಿ ಜಾರುತ್ತಿದೆ, ಒಲೆಯ ಮೇಲಿಟ್ಟು ಬಂದ ಹಾಲು ಸೀದ ವಾಸನೆ. ‘ಇನ್ನೈದೇ ನಿಮಿಷ’ ಅನ್ನುತ್ತಲೇ ಇದ್ದಾರೆ. ಸಾಕು ಅನ್ನಲು ಇವಳಿಗೆ ಬಾಯಿ ಬರುವುದಿಲ್ಲ. ಇಡೀ ಕಥೆ ಆ ಐದು ನಿಮಿಷ. ಒಂದಕ್ಷರ ತಿದ್ದದೆ ಹಾಕಿಕೊಂಡರು, 1,500 ಕೊಟ್ಟರು.

ಅಲ್ಲಿಂದ ಮುಖ ನೋಡುವುದನ್ನೇ ಬಿಟ್ಟೆ. ಮುಖ ನೋಡಿದರೆ ದುಃಖ, ವಿರಹ ಅಂತ ರೆಡಿಮೇಡ್ ಸರಕು ಬಂದು ಕೂರುತ್ತದೆ. ಪ್ರಿಂಟಿನಲ್ಲಿ ಮುಖದ ಮೇಲೆ ಚೀಟಿ ಅಂಟಿಸಿ ಕೈ ಮಾತ್ರ ನೋಡುತ್ತೇನೆ. ಭಾರ ಎಲ್ಲಿ ಬಿದ್ದಿದೆ, ಯಾವ ಕೆಲಸ ಅರ್ಧಕ್ಕೆ ನಿಂತಿದೆ, ಎದ್ದ ತಕ್ಷಣ ಏನು ಮಾಡಬೇಕಿದೆ. ಚೀಟಿ ಯಾವಾಗ ತೆಗೆಯುತ್ತೇನೆ ಎಂಬುದೇ ನಿಜವಾದ ಗುಟ್ಟು, ಅದು ನನ್ನ ಹತ್ತಿರವೇ ಇರಲಿ. ಶೇರ್‌ಗಿಲ್‌ರ ಮೂವರನ್ನು ಹೀಗೇ ಮತ್ತೆ ನೋಡಿದೆ. ಮಡಿಲಲ್ಲಿ ಸುಮ್ಮನೆ ಬಿದ್ದಿರುವ ಕೈಗಳು. ಅಳು ತಡೆದುಕೊಂಡವರಲ್ಲ, ನಗು ತಡೆದುಕೊಂಡವರು! ಮೊದಲು ನಕ್ಕವಳು ನೀರು ಸೇದಬೇಕು ಅಂತ ಪಂಥ. ಹಳೆಯ ಕಥೆ ವಾಪಸ್ ಕಳಿಸಿದ್ದವರೇ ಈ ಹೊಸದನ್ನು ದೀಪಾವಳಿ ವಿಶೇಷಾಂಕಕ್ಕೆ ತೆಗೆದುಕೊಂಡರು.

ನಡುವೆ ಅಡ್ಡದಾರಿಗಳೂ ಆದವು. ರವಿವರ್ಮನ 1893ರ ‘ಅಗೋ ಪಪ್ಪ ಬಂದರು’ ಚಿತ್ರದಲ್ಲಿ ತಾಯಿ, ಕಂಕುಳಲ್ಲಿ ಮಗು, ಪಕ್ಕದಲ್ಲಿ ನಾಯಿ. ಪಪ್ಪ ಮಾತ್ರ ಇಲ್ಲ. ಹೆಸರು ಹೇಳದೆ ಗೊತ್ತಿರುವ ಆರು ಹೆಂಗಸರಿಗೆ ತೋರಿಸಿ ‘ಯಾರು ಬರ್ತಿದ್ದಾರೆ?’ ಎಂದು ಕೇಳಿದೆ. ಒಬ್ಬರು ಚೀಟಿ ದುಡ್ಡಿನವಳು ಎಂದರು, ಇನ್ನೊಬ್ಬರು ಅತ್ತಿಗೆ ಎಂದರು. ‘ಯಾರಾದ್ರೂ ಬರಲಿ, ಸ್ವಲ್ಪ ಮಗು ಹಿಡ್ಕೊಳ್ಳಲಿ’ ಎಂದವರು ಮೂವರು. ಗಂಡ ಅಂದವರು ಒಬ್ಬರೇ. ಕಥೆ ಮಾತ್ರ ಆಗಲಿಲ್ಲ, ಬರೀ ಜೋಕಾಯಿತು. ಅದೇ ರವಿವರ್ಮನ ಹನ್ನೊಂದು ಜನ ಗಾಯಕಿಯರ ಚಿತ್ರಕ್ಕೆ ಹನ್ನೊಂದು ಕಥೆ ಬರೆಯುತ್ತೇನೆಂದು ಜಂಭ ಕೊಚ್ಚಿಕೊಂಡು ಮೂರಕ್ಕೇ ಸುಸ್ತಾದೆ.

ಕೈ ಹಿಡಿದ ಇನ್ನೊಂದು ವಿಷಯವೆಂದರೆ ಡಚ್ ಚಿತ್ರಕಾರ ವರ್ಮೀರ್. ಅವನ ಹಾಲು ಸುರಿಯುವ ಹೆಂಗಸಿನ ಚಿತ್ರವನ್ನು ನೆದರ್ಲೆಂಡ್ಸಿನ ರೈಕ್ಸ್ ಮ್ಯೂಸಿಯಂನವರು ಸ್ಕ್ಯಾನ್ ಮಾಡಿ, ಹಿಂದಿನ ಗೋಡೆಯಲ್ಲಿ ಜಗ್ಗು ತೂಗುಹಾಕುವ ಹಲಗೆಯಿತ್ತು, ಕೆಳಗೊಂದು ಕಾವಿಗೆ ಕೆಂಡವಿಡುವ ಬುಟ್ಟಿಯಿತ್ತು, ಚಿತ್ರಕಾರನೇ ಅಳಿಸಿದ್ದಾನೆ ಎಂದು 2022ರಲ್ಲಿ ತಿಳಿಸಿದರು. ಓದಿದ ರಾತ್ರಿಯೇ ನಾನೂ ಒಂದು ಕಥೆಯಿಂದ ಪ್ರೇಮಪತ್ರವನ್ನು ಕಿತ್ತು ಹಾಕಿದೆ, ಎರಡು ಪುಟ. ಬೇಳೆ ಆರಿಸುವವಳು ಹಾಗೇ ಉಳಿದಳು. ಮೊರದಲ್ಲಿ ಅವಳ ಬೆರಳು ಒಂದು ಕಡೆ ತಡೆಯುತ್ತದೆ, ಅಷ್ಟೇ. ಓದಿದವರು ‘ಪತ್ರ ಯಾರದ್ದು?’ ಎಂದು ಕೇಳಿದರು. ಆಣೆ ಮಾಡಿ ಹೇಳುತ್ತೇನೆ, ಪತ್ರ ಅನ್ನುವ ಪದವೇ ಅದರಲ್ಲಿಲ್ಲ!

ಈವರೆಗೆ ಕಥೆಗಳಿಂದ ಬಂದದ್ದು 12 ಸಾವಿರದ ಆಸುಪಾಸು. ಇನ್ನೂ ನಾಲ್ಕೈದು ಸಾವಿರ ನಷ್ಟದಲ್ಲೇ ಇದ್ದೇನೆ. ಮಿಕ್ಸಿ ಹಳೆಯದೇ. ಜಾರಿನ ಮುಚ್ಚಳ ಒಂದು ಕೈಯಲ್ಲಿ ಅದುಮಿ, ಬುಡ ಇನ್ನೊಂದು ಕೈಯಲ್ಲಿ ಹಿಡಿಯಬೇಕು. ಸರಿಯಾಗಿ ಅದೇ ಹೊತ್ತಿಗೆ ಮೂಗು ತುರಿಸುತ್ತದೆ.