ದವಡೆ ಹಲ್ಲಲ್ಲಿ ಹುಳುಕು ಶುರುವಾದ್ರೆ ಸೀಲೆಂಟಾ, ವಾರ್ನಿಶಾ, ಎಸ್‌ಡಿಎಫ್ಫಾ?

ಸೀಲೆಂಟ್ ಅಂದ್ರೆ ಹಲ್ಲಿನ ಗೀರು ಮುಚ್ಚೋ ಲೇಪ, ವಾರ್ನಿಶ್ ಅಂದ್ರೆ ಹಲ್ಲಿಗೆ ಬಳಿಯೋ ಫ್ಲೋರೈಡ್ ಲೇಪ, ಎಸ್‌ಡಿಎಫ್ ಅಂದ್ರೆ ಹುಳುಕು ತಡೆಯೋಕೆ ಹಚ್ಚೋ ದ್ರವ. ಮೊದ್ಲು ಮಗೂನ ಬಾಯಿ ತೆಗೆಸಿ, ಮೊಬೈಲ್ ಟಾರ್ಚ್ ಹಾಕಿ ಕೊನೇ ಹಲ್ಲು ನೋಡಿ. 6 ವರ್ಷದ ಹೊತ್ತಿಗೆ ಹಾಲ್ಹಲ್ಲುಗಳ ಹಿಂದೆ ಒಂದು ದೊಡ್ಡ ದವಡೆ ಹಲ್ಲು ಬರುತ್ತೆ, ಯಾವ ಹಲ್ಲೂ ಬೀಳದೇನೇ ಬರೋದ್ರಿಂದ ಎಷ್ಟೋ ಮನೇಲಿ ಇದೂ ಹಾಲ್ಹಲ್ಲೇ ಅಂದ್ಕೊಂಡು ಬಿಟ್ಬಿಡ್ತಾರೆ, ನಮ್ಮನೇಲೂ ಅಜ್ಜಿ "ಬೀಳೋ ಹಲ್ಲಿಗೆ ಯಾಕೋ ದುಡ್ಡು ಸುರೀತೀಯ" ಅಂದಿದ್ರು. ಅದು ಬೀಳೋ ಹಲ್ಲಲ್ಲ ಅಜ್ಜೀ, ಮುದುಕ ಆಗೋವರ್ಗೂ ಅಗಿಯೋಕೆ ಅದೇ ಇರೋದು. ಅದರ ಹಿಂದಿಂದು 12ರ ಸುಮಾರಿಗೆ ಬರುತ್ತೆ.

ಬಟ್ಟೇಲಿ ಹಲ್ಲನ್ನ ಒರೆಸಿ ನೋಡಿ. ಒಣಗಿದಾಗ ಮಾತ್ರ ಸುಣ್ಣದ ಥರ ಬಿಳಿ ಚುಕ್ಕೆ ಕಂಡ್ರೆ ಹುಳುಕು ಈಗಿನ್ನೂ ಶುರು, ಒದ್ದೆ ಇದ್ದಾಗ್ಲೂ ಕಂಡ್ರೆ ಸ್ವಲ್ಪ ಒಳಗೆ ಹೋಗಿದೆ. ಹಲ್ಲಿನ ಮೇಲೆ ಅಗಿಯೋ ಕಡೆ ಇರೋ ಗೀರಿನಲ್ಲಿ ಕಂದು ಗೆರೆ ಇದ್ರೆ ಬರೀ ಕಲೆಯೂ ಇರ್ಬಹುದು, ಹುಳುಕೂ ಇರ್ಬಹುದು, ದಯವಿಟ್ಟು ಪಿನ್ ಹಾಕಿ ಕೆದಕ್ಬೇಡಿ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯೋರಿಗೆ ಇನ್ನೊಂದು ಮಾತು, ಬೋರ್‌ವೆಲ್ ನೀರಿನ ಫ್ಲೋರೈಡಿಂದ ಎಡಕ್ಕೂ ಬಲಕ್ಕೂ ಒಂದೇ ಥರ ಹಲವು ಹಲ್ಲಲ್ಲಿ ಬಿಳಿ ಪಟ್ಟೆ ಬಂದಿದ್ರೆ ಅದು ಹುಳುಕಲ್ಲ, ಫ್ಲೋರೋಸಿಸ್. ಡಾಕ್ಟರ್‌ಗೆ ನಿಮ್ಮೂರ ನೀರಿನ ವಿಷಯ ಹೇಳಿ.

ಚುಕ್ಕೆ ಮೇಲಿನ ಗೀರಲ್ಲೇ ಇದ್ರೆ ಸೀಲೆಂಟ್ ಕೇಳಿ. ಆ ಗೀರುಗಳು ಬ್ರಶ್ ಕೂದಲಿಗಿಂತ ಸಣ್ಣ, ಟೀಗೆ ಅದ್ದಿದ ಬಿಸ್ಕೆಟ್ ಒಳಗೆ ಮೆತ್ತಿಕೊಂಡ್ರೆ ಎಷ್ಟು ಉಜ್ಜಿದ್ರೂ ಬರಲ್ಲ. ಹಲ್ಲನ್ನ ಕ್ಲೀನ್ ಮಾಡಿ, ಆಸಿಡ್ ಜೆಲ್ ಹಚ್ಚಿ ತೊಳೆದು, ಪೂರ್ತಿ ಒಣಗಿಸಿ, ತೆಳ್ಳಗಿನ ರೆಸಿನ್ (ಪ್ಲಾಸ್ಟಿಕ್ ಥರದ ದ್ರವ) ತುಂಬಿ ನೀಲಿ ಲೈಟಲ್ಲಿ ಗಟ್ಟಿ ಮಾಡ್ತಾರೆ, ಕೊರೆಯೋದೂ ಇಲ್ಲ, ಇಂಜೆಕ್ಷನ್ನೂ ಇಲ್ಲ. ಆದ್ರೆ ಎಂಜಲು ತಾಗಿದ್ರೆ ಕಿತ್ಕೊಂಡು ಬರುತ್ತೆ. ಮಗು ನಾಲಿಗೆ ಸುಮ್ನಿಡಲ್ಲ ಅಂದ್ರೆ, ಅಥವಾ ಹಲ್ಲು ಇನ್ನೂ ಅರ್ಧ ವಸಡೊಳಗೇ ಇದ್ರೆ, ಗ್ಲಾಸ್ ಅಯೊನೊಮರ್ ಅನ್ನೋ ಹಲ್ಲಿನ ಸಿಮೆಂಟ್ ಹಾಕ್ತಾರೆ, ಬೇಗ ಸವೆಯುತ್ತೆ ಆದ್ರೆ ತೇವ ತಡ್ಕೊಳುತ್ತೆ.

ಹಲ್ಲಿನ ಪಕ್ಕದಲ್ಲೋ ಎರಡು ಹಲ್ಲಿನ ಸಂದಿಯಲ್ಲೋ ಚುಕ್ಕೆ ಇದ್ರೆ, ಮೇಲೆ ಮುಚ್ಚೋ ಸೀಲೆಂಟಿಂದ ಅಲ್ಲಿಗೆ ಏನೂ ಉಪಯೋಗ ಇಲ್ಲ, ವಾರ್ನಿಶ್ ಬೇಕು. ಅದ್ರಲ್ಲಿ 22,600 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ) ಫ್ಲೋರೈಡ್ ಇರುತ್ತೆ, ಬ್ರಶ್ಶಲ್ಲಿ ಬಳಿದು ಐದು ನಿಮಿಷದಲ್ಲಿ ಕಳಿಸ್ತಾರೆ, ಅವತ್ತು ಗಟ್ಟಿ ಪದಾರ್ಥ, ಬಿಸಿ ಕಾಫಿ ಬೇಡ, ರಾತ್ರಿ ಬ್ರಶ್ಶೂ ಬೇಡ.

ಎರಡರಲ್ಲಿ ಯಾವ್ದು ಮೇಲು? ದಕ್ಷಿಣ ವೇಲ್ಸ್‌ನಲ್ಲಿ 6-7 ವರ್ಷದ ಮಕ್ಕಳ ಮೇಲೆ ಮೂರು ವರ್ಷ ನೋಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೀಲೆಂಟ್ ಹಾಕಿದ ಮಕ್ಕಳಲ್ಲಿ 19.6%, ವಾರ್ನಿಶ್ ಹಚ್ಚಿದ ಮಕ್ಕಳಲ್ಲಿ 17.5% ಜನಕ್ಕೆ ಆ ದವಡೆ ಹಲ್ಲು ಹುಳುಕಾಯ್ತು, ಅಂದ್ರೆ ಹೆಚ್ಚುಕಮ್ಮಿ ಸಮ. ಆದ್ರೆ ಅಲ್ಲಿ ಆರಾರು ತಿಂಗಳಿಗೆ ಸ್ಕೂಲಿಗೇ ಬಂದು ಹಚ್ಚಿದ್ರು. ನಮ್ಮ ಕಥೆ ಗೊತ್ತಲ್ಲ, ಪರೀಕ್ಷೆ, ಮದುವೆ, ಊರಹಬ್ಬ ಅಂತ ಎರಡನೇ ಸಲ ಹೋಗೋದೇ ಮರೆತೋಗುತ್ತೆ. ಹಾಗಾಗಿ ನಿಮ್ಮ ಮೇಲೆ ನಿಮಗೇ ನಂಬಿಕೆ ಇಲ್ಲ ಅಂದ್ರೆ ಗೀರಿಗೆ ಸೀಲೆಂಟೇ ಹಾಕಿಸಿ ಅಂತೀನಿ ನಾನು. ಸೀಲೆಂಟಿಗೆ ಸಾಮಾನ್ಯವಾಗಿ ಹಲ್ಲಿಗಿಷ್ಟು ಅಂತ ದುಡ್ಡು, ಮೊದ್ಲೇ ರೇಟ್ ಕೇಳಿ. ಬೆಂಗಳೂರಾದ್ರೆ ವಿಕ್ಟೋರಿಯಾ ಆಸ್ಪತ್ರೆ ಹತ್ರದ ಸರ್ಕಾರಿ ಡೆಂಟಲ್ ಕಾಲೇಜಲ್ಲೂ ವಿಚಾರಿಸಿ. ಯಾವ್ದೇ ಮಾಡ್ಸಿದ್ರೂ ಫ್ಲೋರೈಡ್ ಪೇಸ್ಟಲ್ಲಿ ದಿನಕ್ಕೆರಡು ಸಲ ಉಜ್ಜೋದು ತಪ್ಪಲ್ಲ.

ಆಗ್ಲೇ ಸಣ್ಣ ಗುಂಡಿ ಬಿದ್ದಿದ್ದು ಮಗು ಡ್ರಿಲ್ ನೋಡಿದ್ರೇ ಚೀರುತ್ತೆ ಅಂದ್ರೆ ಎಸ್‌ಡಿಎಫ್ (ಸಿಲ್ವರ್ ಡೈಅಮೈನ್ ಫ್ಲೋರೈಡ್) ಇದೆ, ಬೆಳ್ಳಿ, ಫ್ಲೋರೈಡ್ ಎರಡೂ ಸೇರಿದ ದ್ರವ, ಒಂದು ಹನಿ ಸಾಕು ಹುಳುಕು ಮುಂದುವರಿಯದಂಗೆ ತಡೆಯೋಕೆ ನೋಡುತ್ತೆ, 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಗೂ ಸೇರ್ತು. ಆದ್ರೆ ಹುಳುಕಾದ ಜಾಗ ಕಪ್ಪಾಗೇ ಉಳಿಯುತ್ತೆ, ಹಿಂದಿನ ದವಡೆಲಿ ಯಾರಿಗೂ ಕಾಣಲ್ಲ ಬಿಡಿ. ಬೆಳ್ಳಿ ಅಲರ್ಜಿ ಇದ್ರೆ ಮೊದ್ಲೇ ಹೇಳಿ, ರಾತ್ರಿ ಹಲ್ಲುನೋವಿಂದ ಎದ್ದು ಕೂರ್ತಿದೆ ಅಂದ್ರೆ ಇದು ಸಾಲಲ್ಲ. ಮಗೂಗೆ ಹಳೇ ಅಂಗಿ ಹಾಕಿ ಕರ್ಕೊಂಡೋಗಿ, ಚರ್ಮಕ್ಕೆ ತಾಗಿದ ಕಲೆ ಒಂದೆರಡು ವಾರಕ್ಕೆ ಹೋಗುತ್ತೆ, ಬಟ್ಟೆಗೆ ತಾಗಿದ್ದು ಹೋಗಲ್ಲ.