ರೂಪ ಬದಲಿಸುವ ರೋಬೋಗಳ ಕ್ಯಾಂಪೇನಿಗೆ ಆಟದ ಪದ್ಧತಿಯನ್ನು ಆರಿಸುವುದು ಹೇಗೆ?

ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಆಟದಲ್ಲಿ (ರೋಲ್‌ಪ್ಲೇಯಿಂಗ್ ಗೇಮ್) ಹಲವು ಕೂಟಗಳವರೆಗೆ ಮುಂದುವರಿಯುವ ಕಥೆಯೇ ಕ್ಯಾಂಪೇನ್. ಅದರಲ್ಲಿ ರೋಬೋ ತಾನೇ ಪಾತ್ರವೋ, ಅಥವಾ ಅದರೊಳಗೆ ಕೂತು ಅದನ್ನು ನಡೆಸುವ ಮನುಷ್ಯ ಪಾತ್ರವೋ ಎಂಬುದು ನಿಯಮಗಳ ಪುಸ್ತಕ ಕೊಳ್ಳುವ ಮೊದಲೇ ಇತ್ಯರ್ಥವಾಗಬೇಕು. 1984ರಲ್ಲಿ ಬಂದ ಮೆಕ್ಟಾನ್ ಎಂಬ ಆಟ ಮತ್ತು ಅದರ ಮುಂದಿನ ಆವೃತ್ತಿಗಳು ಜಪಾನಿ ಅನಿಮೆಯ ದೈತ್ಯಯಂತ್ರಗಳನ್ನು ಬಿಡಿಭಾಗಗಳಿಂದ ಕಟ್ಟಲು ಬಹಳ ಒಳ್ಳೆಯ ಸಾಧನಗಳು. ಆದರೆ ಅವುಗಳ ಲೆಕ್ಕಾಚಾರವೆಲ್ಲ ಪೈಲಟ್ ಒಬ್ಬನಿದ್ದಾನೆ ಎಂಬ ಆಧಾರದ ಮೇಲೆ ನಿಂತಿದೆ. ರೋಬೋಗೇ ಮನಸ್ಸು, ಮಾತು, ಹಟ ಇರಬೇಕೆಂದರೆ ಬೇರೆ ಕಡೆ ನೋಡಬೇಕು.

ಹಾಗೆ ನೋಡುವಾಗ ಎಲ್ಲ ಪದ್ಧತಿಗಳನ್ನೂ ಒಂದೇ ಸನ್ನಿವೇಶದಲ್ಲಿ ಪರೀಕ್ಷಿಸುವುದು ಒಳ್ಳೆಯದು. ಸೇತುವೆಯ ಮೇಲೆ ಲಾರಿಯ ರೂಪದಲ್ಲಿ ವೇಗವಾಗಿ ಸಾಗುತ್ತಿರುವ ಪಾತ್ರದ ಕ್ಯಾಬಿನ್ನಿನಲ್ಲಿ ಒಬ್ಬ ಹುಡುಗ ಕೂತಿದ್ದಾನೆ, ಬಾನೆಟ್ಟಿಗೆ ಆಗಲೇ ಒಂದು ಗುಂಡು ಬಿದ್ದಿದೆ, ಎದುರಿಗೆ ಶತ್ರು ನಿಂತಿದ್ದಾನೆ. ಈಗ ಲಾರಿ ಎದ್ದು ನಿಲ್ಲಬೇಕು. ಇದಕ್ಕೆ ಆಟಗಾರನ ಸರದಿಯಲ್ಲಿ ಎಷ್ಟು ಪಾಲು ಖರ್ಚಾಗುತ್ತದೆ, ಬಾನೆಟ್ಟಿನ ಪೆಟ್ಟು ಎದೆಗೆ ಬರುತ್ತದೆಯೇ, ಹುಡುಗ ಎಲ್ಲಿಗೆ ಹೋಗುತ್ತಾನೆ, ಚಕ್ರವಿದ್ದಾಗಿನ ವೇಗ ಕಾಲು ಬಂದ ಮೇಲೂ ಉಳಿಯುತ್ತದೆಯೇ ಎಂಬ ಪ್ರಶ್ನೆಗಳಿಗೆ ಪುಸ್ತಕ ನೇರವಾಗಿ ಉತ್ತರಿಸದಿದ್ದರೆ ಆ ಹೊರೆಯೆಲ್ಲ ಆಟವನ್ನು ನಡೆಸಿಕೊಡುವ ಗೇಮ್ ಮಾಸ್ಟರ್ ತಲೆಗೇ ಬೀಳುತ್ತದೆ.

ಈ ಪರೀಕ್ಷೆಯಲ್ಲಿ ನನ್ನ ಮೊದಲ ಆಯ್ಕೆ ಮ್ಯೂಟೆಂಟ್ಸ್ ಅಂಡ್ ಮಾಸ್ಟರ್‌ಮೈಂಡ್ಸ್‌ನ ಮೂರನೆಯ ಆವೃತ್ತಿ. ಸೂಪರ್‌ಹೀರೋಗಳಿಗಾಗಿ ಬರೆದದ್ದಾದರೂ, ಅದರ ಅರೇ ಎಂಬ ಏರ್ಪಾಡು ಈ ಕೆಲಸಕ್ಕೆಂದೇ ಹುಟ್ಟಿದಂತಿದೆ. ಒಂದು ಪ್ರಮುಖ ಶಕ್ತಿಗೆ ಪಾತ್ರ ಕಟ್ಟಲು ಸಿಗುವ ಪಾಯಿಂಟುಗಳಲ್ಲಿ ಪೂರ್ಣ ಬೆಲೆ ಕೊಟ್ಟರೆ, ಅದಕ್ಕಿಂತ ದುಬಾರಿಯಲ್ಲದ ಪ್ರತಿ ಪರ್ಯಾಯ ಶಕ್ತಿಗೂ ಒಂದೇ ಪಾಯಿಂಟ್ ಸಾಕು. ಆದರೆ ಎರಡನ್ನೂ ಏಕಕಾಲಕ್ಕೆ ಬಳಸುವಂತಿಲ್ಲ, ಸರದಿಗೊಮ್ಮೆ ಮಾತ್ರ ಬದಲಾಯಿಸಬಹುದು. ಮುಷ್ಟಿಯ ಹೊಡೆತವನ್ನೂ ಚಕ್ರದ ಓಟವನ್ನೂ ಒಂದೇ ಅರೇಯಲ್ಲಿ ಇಟ್ಟರೆ, ಓಡುವಾಗ ಹೊಡೆಯಲಾಗದು ಎಂಬ ನಿಯಮ ತಾನಾಗಿಯೇ ಹುಟ್ಟುತ್ತದೆ. ಪೆಟ್ಟು ತಿಂದಂತೆ ಇಳಿಯುವ ಜೀವಾಂಶಗಳ ಲೆಕ್ಕವೂ ಇಲ್ಲಿಲ್ಲ: ಪೆಟ್ಟು ಬಿದ್ದಾಗ ದಾಳ ಉರುಳಿಸಿ ಮಾಡುವ ತಾಳಿಕೆಯ ಪರೀಕ್ಷೆಯಲ್ಲಿ ಸೋತಾಗಲೆಲ್ಲ ಮುಂದಿನ ಪರೀಕ್ಷೆಗೆ ಒಂದಂಕ ಕಡಿತವಾಗುವುದರಿಂದ, ಬಾನೆಟ್ಟಿನ ಪೆಟ್ಟು ಎದೆಗೆ ಸಲೀಸಾಗಿ ದಾಟಿಬರುತ್ತದೆ. ತೊಡಕೆಂದರೆ ಪಾತ್ರ ಕಟ್ಟುವ ಶ್ರಮ. ಪಾತ್ರದ ಬಲದ ಮಟ್ಟವಾದ ಪವರ್ ಲೆವೆಲ್ 10ರಲ್ಲಿ ಸಿಗುವ 150 ಪಾಯಿಂಟುಗಳನ್ನು ಹಂಚುವಷ್ಟರಲ್ಲಿ ಹೊಸಬರು ಸುಸ್ತಾಗುತ್ತಾರೆ.

ಯಾವ ಬಗೆಯ ಕಥೆಗೂ ಹೊಂದುವ ಪದ್ಧತಿಯಾದ ಗರ್ಪ್ಸ್‌ನ ನಾಲ್ಕನೆಯ ಆವೃತ್ತಿಯಲ್ಲಿ ಪರ್ಯಾಯ ರೂಪಕ್ಕೆ 15 ಪಾಯಿಂಟ್ ಮೂಲಬೆಲೆ, ಹೊಸ ರೂಪ ಮೂಲರೂಪಕ್ಕಿಂತ ದುಬಾರಿಯಾದರೆ ವ್ಯತ್ಯಾಸದ ಶೇಕಡಾ 90 ಹೆಚ್ಚುವರಿ. ಮೂಲರೂಪವಾದ ರೋಬೋ 200, ಲಾರಿ 250 ಪಾಯಿಂಟಿನದಾದರೆ 15ಕ್ಕೆ 45 ಸೇರಿ 60. ಲೆಕ್ಕ ಸೊಗಸಾಗಿದೆ, ಆದರೆ ಬದಲಾವಣೆಗೆ ಸಹಜವಾಗಿ 10 ಸೆಕೆಂಡು ಹಿಡಿಯುತ್ತದೆ; ಒಂದೊಂದು ಸರದಿಯೂ ಒಂದು ಸೆಕೆಂಡಿನದಾದ ಆ ಪದ್ಧತಿಯಲ್ಲಿ ಅಷ್ಟರೊಳಗೆ ಕಾಳಗವೇ ಮುಗಿದಿರುತ್ತದೆ. ವೇಗವನ್ನು ಪ್ರತ್ಯೇಕವಾಗಿ ಕೊಳ್ಳದೆ ಗತಿಯಿಲ್ಲ.

ಟ್ರಾನ್ಸ್‌ಫಾರ್ಮರ್ಸ್ ಲೋಕವೇ ಬೇಕೆನ್ನುವವರಿಗೆ ರೆನೆಗೇಡ್ ಗೇಮ್ ಸ್ಟುಡಿಯೋಸ್ 2022ರಲ್ಲಿ ತಂದ ಅಧಿಕೃತ ಆಟವಿದೆ. ಇಪ್ಪತ್ತು ಮುಖದ ದಾಳದ ಜೊತೆ ಕೌಶಲಕ್ಕೆ ತಕ್ಕ ಇನ್ನೊಂದು ದಾಳವನ್ನು ಉರುಳಿಸುವ ಎಸೆನ್ಸ್20 ಪದ್ಧತಿ ಇದು. ಅನುಕೂಲ ಹೆಚ್ಚಿದಂತೆ ಆ ಎರಡನೆಯ ದಾಳ ನಾಲ್ಕು ಮುಖದಿಂದ ಆರಕ್ಕೆ, ಆರರಿಂದ ಎಂಟಕ್ಕೆ ಏರುತ್ತದೆ. ಮೂಲಪುಸ್ತಕ ಆ ಲೋಕದ ಒಳ್ಳೆಯ ರೋಬೋಗಳಾದ ಆಟೋಬಾಟ್‌ಗಳ ಪಕ್ಷ ವಹಿಸಿರುವುದರಿಂದ, ಸ್ವಂತ ಗ್ರಹ, ಸ್ವಂತ ಕಲಹ ಕಟ್ಟಬೇಕೆನ್ನುವವರಿಗೆ ಬದಲಾಯಿಸಬೇಕಾದದ್ದು ಸಾಕಷ್ಟಿರುತ್ತದೆ.

ಲೆಕ್ಕವೇ ಬೇಡವೆನ್ನುವ ತಂಡಕ್ಕೆ ಫೇಟ್ ಎಂಬ ಪದ್ಧತಿ ಸಾಕು. ಲಾರಿಯ ರೂಪವನ್ನು ಒಂದು ಸಾಲಿನ ಗುಣವಾಗಿ ಬರೆದು, ಓಟಕ್ಕೆ ಎರಡಂಕ ಕೂಡಿಸುವ ಒಂದು ಸ್ಟಂಟ್ (ವಿಶೇಷ ಸಾಮರ್ಥ್ಯ) ಸೇರಿಸಿದರೆ ಕೆಲಸವಾಯಿತು. ಆದರೆ ಅಲ್ಲಿ ರೂಪಾಂತರ ಬರೀ ವರ್ಣನೆಯಾಗಿಬಿಡುವ ಅಪಾಯವಿದೆ, ಯಂತ್ರದ ಗಡಸುತನವನ್ನು ಬಯಸುವ ಆಟಗಾರರಿಗೆ ಅದು ಸಪ್ಪೆಯೆನಿಸೀತು.

ಇನ್ನು ಆ ಹುಡುಗನ ಗತಿ ಏನೆಂಬುದಕ್ಕೆ ಮೇಲಿನ ಪದ್ಧತಿಗಳ ಅಂಕಿಗಳಿಗಿಂತ ತಂಡದ ಒಪ್ಪಂದವೇ ಹೆಚ್ಚು ಉಪಯುಕ್ತ: ರೂಪ ಬದಲಾಗುವಾಗ ಒಳಗಿದ್ದವರು ಅಪಾಯವಿಲ್ಲದೆ ಅಂಗೈಗೆ ಬರುತ್ತಾರೋ, ಅಥವಾ ಅವರನ್ನು ಮೊದಲು ಇಳಿಸಲೇಬೇಕೋ ಎಂಬುದನ್ನು ಪಾತ್ರ ಕಟ್ಟುವ ದಿನವೇ ಬರೆದಿಟ್ಟುಕೊಳ್ಳಿ.